ಬಿದನೂರಿನ ಕೆಮ್ಮಣ್ಣಿನಡಿಯ ಲೋಹ

ಮೊದಲ ದಿನ: ಶಿವಮೊಗ್ಗದಿಂದ ನಗರಕ್ಕೆ

ಒಂದು ಕಾಲಕ್ಕೆ ಬಿದನೂರು ಎನಿಸಿಕೊಂಡಿದ್ದ, ಹೊಸನಗರದಾಚೆಯ ನಗರವೆಂಬ ಊರಿಗೆ ಹೊರಡುವ ಮುನ್ನ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ರಾಕೆಟ್‌ಗಳನ್ನು ಕಣ್ಣಾರೆ ನೋಡಬೇಕೆಂಬುದು ಭಾವನವರ ಷರತ್ತಾಗಿತ್ತು. ಅವರದು ನೀರಿನ ಪೈಪುಗಳನ್ನು ಹಾಕುವ, ದುರಸ್ತಿ ಮಾಡುವ ಕೆಲಸ. ಮಣ್ಣಿನಲ್ಲಿ ಹೂತುಹೋದ ವಾಲ್ವು, ಬೆಂಡುಗಳನ್ನು ಹುಡುಕಲು ಅವರ ಬಳಿ ಒಂದು ಲೋಹಶೋಧಕ ಯಂತ್ರವಿದೆ. ನಗರದಿಂದ ಕೆಲವು ಮೈಲಿ ಆಚೆ ಅವರ ಸೋದರಮಾವನವರ ಅಡಿಕೆ ತೋಟವಿದ್ದು, ಹಿಂದಿನವರು ಹಾಕಿಸಿದ ಕಬ್ಬಿಣದ ಪೈಪಿನ ಗೇಟ್‌ವಾಲ್ವು ಎಲ್ಲಿದೆಯೆಂದು ತಿಳಿಯದೆ ಆ ಮನೆಯವರು ಬೇಸಿಗೆಯಲ್ಲೆಲ್ಲ ಕಷ್ಟಪಟ್ಟಿದ್ದರು. ಅದನ್ನು ಹುಡುಕಿಕೊಡಲು ಹೊರಟವರ ಜೊತೆ ನಾನೂ ಹೊರಟೆ. ಎರಡು ಶತಮಾನಗಳಿಗೂ ಹಿಂದೆ ಸೈನ್ಯಗಳು ಹಾದುಹೋದ ಸೀಮೆಯಲ್ಲಿ ಆ ಯಂತ್ರ ಹಿಡಿದು ಒಂದು ದಿನ ನಡೆದರೆ ನೆಲ ಏನೇನು ಹೇಳೀತು ಎಂಬ ಕುತೂಹಲ ನನಗಿತ್ತು.

ರಾಕೆಟ್‌ಗಳನ್ನು ನೋಡಿದಾಗ ಭಾವನವರ ಷರತ್ತು ಸರಿಯೆನಿಸಿತು. ಗೇಣಿಗಿಂತ ತುಸು ಉದ್ದದ, ಬಿದಿರಿನ ಗಣ್ಣಿನಷ್ಟು ದಪ್ಪದ ಕಬ್ಬಿಣದ ಕೊಳವೆಗಳವು. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಬೆಂಕಿ ಹೊರಬರಲು ಕಿಂಡಿಯಿದೆ. ಮೈಯೆಲ್ಲ ತುಕ್ಕು ಹಕ್ಕಳೆಯಾಗಿ ಎದ್ದಿದೆ. 2002ರಲ್ಲಿ ನಗರದಲ್ಲಿ ಇಂಥ 160ಕ್ಕೂ ಹೆಚ್ಚು ಕೊಳವೆಗಳು ಸಿಕ್ಕಾಗ ಅವು ರಾಕೆಟ್‌ಗಳೆಂದು ಕೂಡಲೇ ಗುರುತಾಗಲಿಲ್ಲ. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿನ ಹಾಳು ಬಾವಿಯೊಂದರ ಹೂಳು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಒಂದೇ ಕಡೆ ಸಿಕ್ಕವು. ಅವುಗಳ ಉದ್ದ 23ರಿಂದ 26 ಸೆಂಟಿಮೀಟರ್. ಬಾವಿಯ ಕೆಸರಿನಲ್ಲಿ ಇನ್ನೂ ಮದ್ದಿನ ವಾಸನೆ ಇತ್ತೆಂದು ಆಗ ವರದಿಯಾಗಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದ ಈ ರಾಕೆಟ್‌ಗಳ ವಿಶೇಷವಿರುವುದು ಕಬ್ಬಿಣದ ಆ ಕವಚದಲ್ಲಿ. ಕಾಗದ ಅಥವಾ ಬಿದಿರಿನ ಕೊಳವೆ ತಾಳಲಾರದಷ್ಟು ಒತ್ತಡವನ್ನು ಅದು ತಾಳುತ್ತಿದ್ದುದರಿಂದ ಮದ್ದನ್ನು ಗಟ್ಟಿಯಾಗಿ ಜಡಿದು ತುಂಬಬಹುದಿತ್ತು, ರಾಕೆಟ್ ಬಹು ದೂರ ಹಾರುತ್ತಿತ್ತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇವುಗಳ ಹೊಡೆತ ತಿಂದ ಇಂಗ್ಲಿಷರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳನ್ನು ತಮ್ಮ ದೇಶಕ್ಕೆ ಒಯ್ದು ಪರೀಕ್ಷಿಸಿದರು. ಆಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತಯಾರಿಸಿದ ರಾಕೆಟ್‌ಗಳ ಮೂಲ ಇಲ್ಲಿದೆ.

ಬಾವಿಯ ಕೆಸರಿನಲ್ಲಿ ಗಾಳಿಯಾಡದೆ ಉಳಿದ ಈ ಕೊಳವೆಗಳು ಯಾರದೋ ಗುದ್ದಲಿಗೆ ಒಂದೊಂದಾಗಿ ಸಿಕ್ಕು ಗುಜರಿ ಅಂಗಡಿಯ ತಕ್ಕಡಿ ಏರಿದ್ದರೆ, ನಗರದಲ್ಲಿ ರಾಕೆಟ್‌ಗಳ ದಾಸ್ತಾನಿತ್ತು ಎಂಬ ಸಂಗತಿಯೇ ನಮಗೆ ತಿಳಿಯುತ್ತಿರಲಿಲ್ಲ. ಒಂದು ಕಡೆ, ಒಂದೇ ಬಾವಿಯಲ್ಲಿ, ಅಷ್ಟೊಂದು ಸಂಖ್ಯೆಯಲ್ಲಿ ಸಿಕ್ಕದ್ದರಿಂದಲೇ ಅವು ಚರಿತ್ರೆಗೆ ಸಾಕ್ಷಿಯಾದವು. ಇವುಗಳಲ್ಲಿ ಕೆಲವನ್ನಾದರೂ ಅವು ಸಿಕ್ಕಿದ ನಗರದಲ್ಲಿಯೇ ಒಂದು ಭದ್ರವಾದ ಕೋಣೆಯಲ್ಲಿಟ್ಟು ತೋರಿಸಿದರೆ ಆ ಊರಿನ ಶಾಲೆಯ ಮಕ್ಕಳಿಗೆ ತಮ್ಮ ನೆಲದ ಬೆಲೆ ತಿಳಿದೀತು ಎಂದು ನನಗೆ ಬಲವಾಗಿ ಅನ್ನಿಸಿತು. ನೋಡಲು ಹೋಗುವವರು ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿಕೊಂಡು, ಬೆಳಗಿನ ಹೊತ್ತೇ ಹೋಗುವುದು ಒಳ್ಳೆಯದು. ಅಂಗಳದಲ್ಲಿರುವ ವೀರಗಲ್ಲು, ಮಾಸ್ತಿಗಲ್ಲುಗಳ ಮೇಲೆ ಓರೆ ಬಿಸಿಲು ಬೀಳುವಾಗ ಕೆತ್ತನೆ ಸ್ಪಷ್ಟವಾಗಿ ಕಾಣುತ್ತದೆ.

ಆಯನೂರು ದಾಟಿ ಅರಸಾಳಿನ ಕಾಡು ಬಂದ ಮೇಲೆ ಬಿಸಿಲಿನ ಬಣ್ಣವೇ ಬದಲಾಯಿತು. ರಿಪ್ಪನ್‌ಪೇಟೆಯಲ್ಲಿ ಬನ್ಸ್ ತಿಂದು ಕಾಫಿ ಕುಡಿದೆವು. ಕಾರ್ತಿಕ ಮಾಸದ ಆ ದಿನಗಳಲ್ಲಿ ಅಡಿಕೆ ಕೊಯ್ಲು ಆರಂಭವಾಗಿತ್ತು. ದಾರಿಯುದ್ದಕ್ಕೂ ಅಂಗಳಗಳಲ್ಲಿ ಅಟ್ಟ ಕಟ್ಟಿ ಅಡಿಕೆ ಹರವಿದ್ದರು, ಬೇಯಿಸಿದ ಅಡಿಕೆಯ ಒಗರು ವಾಸನೆ ಕಾರಿನೊಳಗೂ ಬರುತ್ತಿತ್ತು. ಹೊಸನಗರದಿಂದ ಮುಂದೆ ರಸ್ತೆ ಕಿರಿದಾಗಿ, ತಿರುವುಗಳು ಒಂದರ ಹಿಂದೊಂದು ಬರತೊಡಗಿದವು. ಹೊಂಡಗಳಿಗೆ ಜಲ್ಲಿ ಸುರಿದಿದ್ದರೂ ಟಾರು ಬಿದ್ದಿರಲಿಲ್ಲ. ಕತ್ತಲಾದ ಮೇಲೆ ಮಂಜು ಇಳಿದರೆ ಹತ್ತು ಮಾರಿನಾಚೆ ಕಾಣದ ರಸ್ತೆಯಿದು. ಹೊಸಬರು ಸಂಜೆಯೊಳಗೆ ಊರು ಸೇರಿಕೊಳ್ಳುವುದು ಕ್ಷೇಮ.

ದಾರಿಯಲ್ಲಿ ಭಾವನವರು ಕೆಲವು ಮಾತುಗಳನ್ನು ಖಚಿತವಾಗಿ ಹೇಳಿದರು. ನಗರದ ಕೋಟೆ ಸಂರಕ್ಷಿತ ಸ್ಮಾರಕ. ಅಲ್ಲಿ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವ ಮಾತೇ ಇಲ್ಲ. ತೋಟ ಖಾಸಗಿಯಾದರೂ ಅದರ ಮಣ್ಣಿನಲ್ಲಿ ಸಿಕ್ಕ ಹಳೆಯ ವಸ್ತು ಖಾಸಗಿಯಾಗುವುದಿಲ್ಲ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ನಿಧಿ ಕಾಯ್ದೆಯೇ ಹೇಳುತ್ತದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ ಮುಂತಾದವು ಪ್ರಾಚ್ಯವಸ್ತುಗಳು, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಒಪ್ಪಿಗೆ ಪಡೆದು ಇಂಥ ಯಂತ್ರ ಹಿಡಿದು ಹುಡುಕುವುದು ಅನೇಕರ ಹವ್ಯಾಸವಾಗಿದೆ. ಅಲ್ಲಿ 1996ರ ಕಾಯ್ದೆಯ ಪ್ರಕಾರ ನಿಧಿಯನ್ನು ವರದಿ ಮಾಡಲೇಬೇಕು. ಜನರು ತಾವಾಗಿ ತೋರಿಸುವ ಸಣ್ಣಪುಟ್ಟ ವಸ್ತುಗಳನ್ನೂ ಸಿಕ್ಕ ಜಾಗದ ಸಮೇತ ದಾಖಲಿಸುವ ವ್ಯವಸ್ಥೆ 1997ರಿಂದ ನಡೆದುಬಂದಿದೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಆದ್ದರಿಂದ ವಾಲ್ವು ಹುಡುಕುವಾಗ ಹಳೆಯದೇನಾದರೂ ಕಂಡರೆ ಜಾಗ ಗುರುತು ಮಾಡಿ, ಅಲ್ಲಿಗೇ ನಿಲ್ಲಿಸಿ, ಕಚೇರಿಗೆ ತಿಳಿಸುವುದೆಂದು ನಾವಿಬ್ಬರೂ ಮಾತು ಮಾಡಿಕೊಂಡೆವು.

ರಾತ್ರಿಯ ಊಟಕ್ಕೆ ಕೆಂಪಕ್ಕಿ ಅನ್ನ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಊಟವಾದ ಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತರು. ಭಾವನವರ ಯಂತ್ರದ ಪೆಟ್ಟಿಗೆ ನೋಡಿದ್ದೇ ಒಬ್ಬರು ಕೈಯಲ್ಲಿದ್ದ ಅಡಿಕೆ ಬಿಟ್ಟು, "ಬಂಗಾರ ಎಷ್ಟು ಆಳದಲ್ಲಿದ್ರೂ ತೋರಿಸ್ತದಂತಲ್ಲ ಇದು, ಹೌದಾ ಮಾರಾಯ್ರೆ?" ಎಂದು ಕೇಳಿದರು. ನಾಣ್ಯದಷ್ಟು ಸಣ್ಣ ವಸ್ತುವಾದರೆ ಒಂದು ಗೇಣಿನ ಆಸುಪಾಸಿಗಿಂತ ಕೆಳಗೆ ಇಂಥ ಯಂತ್ರಕ್ಕೆ ತಿಳಿಯುವುದಿಲ್ಲ, ಅದಕ್ಕೆ ಬಂಗಾರವೆಂಬ ಹೆಸರೂ ಗೊತ್ತಿಲ್ಲ ಎಂದು ಭಾವನವರು ವಿವರಿಸಿದರು. ಹತ್ತಾರು ಅಡಿ ಆಳದ ನಿಧಿ ತೋರಿಸುವ ಯಂತ್ರವೆಂದು ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನು ನಂಬಿ ಹಣ ಕಳೆದುಕೊಂಡವರ ಕಥೆಗಳು ಆಮೇಲೆ ಒಂದೊಂದಾಗಿ ಹೊರಬಂದವು.

ಎರಡನೆಯ ದಿನ: ತೋಟದಲ್ಲಿ

ಬೆಳಗ್ಗೆ ಏಳಾದರೂ ತೋಟದ ಮೇಲಿನ ಮಂಜು ಕರಗಿರಲಿಲ್ಲ. ತೆಳ್ಳೇವು, ಜೋನಿಬೆಲ್ಲ, ತುಪ್ಪ ತಿಂದು ಕೆಲಸ ಆರಂಭಿಸಿದೆವು. ಯಂತ್ರದ ರಚನೆ ಸರಳವಾದದ್ದು: ಒಂದು ಕೋಲು, ಅದರ ತುದಿಯಲ್ಲಿ ತಟ್ಟೆಯಂಥ ಸುರುಳಿ, ಹಿಡಿಯ ಬಳಿ ಸಣ್ಣ ಪರದೆ. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಮಣ್ಣಿನೊಳಕ್ಕೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಪ್ರವಾಹ ಹುಟ್ಟಿ, ಅದರಿಂದ ಮರಳುವ ಕ್ಷೀಣ ಸಂಕೇತವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಮರಳಿ ಬಂದ ಸಂಕೇತ ಎಷ್ಟು ತಡವಾಗಿದೆ ಎಂಬುದರಿಂದ ಕಬ್ಬಿಣವೋ, ತಾಮ್ರ ಬೆಳ್ಳಿಯಂಥದೋ ಎಂದು ಅಂದಾಜು ಸಿಗುತ್ತದೆ. ಭಾವನವರ ಯಂತ್ರದಲ್ಲಿ ಕಬ್ಬಿಣಕ್ಕೆ ಗೊಗ್ಗರು ದನಿ, ತಾಮ್ರಕ್ಕೆ ಕೀರಲು ದನಿ, ಸೀಸ, ಅಲ್ಯುಮಿನಿಯಮ್ಮುಗಳಿಗೆ ನಡುವಣ ದನಿ.

ಯಂತ್ರ ಚಾಲೂ ಮಾಡಿದ ಕ್ಷಣದಿಂದಲೇ ಅದು ಎಡೆಬಿಡದೆ ಕಿರಗುಟ್ಟತೊಡಗಿತು. ನಗರ ಸೀಮೆಯ ನೆಲ ಜಂಬಿಟ್ಟಿಗೆಯದು. ಮಣ್ಣಿನ ಕಣಕಣದಲ್ಲಿಯೂ ಕಬ್ಬಿಣದ ಆಕ್ಸೈಡ್ ಇದೆ. ಕಬ್ಬಿಣದಂಶ ಕಡಿಮೆಯಿರುವ ಹೊಲದಲ್ಲಿ ತಣ್ಣಗೆ ಕೆಲಸ ಮಾಡುವ ಯಂತ್ರ ಇಲ್ಲಿ ಬರಿಯ ನೆಲವನ್ನೇ ಲೋಹವೆಂದು ತಿಳಿಯುತ್ತದೆ. ಲೋಹವಿಲ್ಲವೆಂದು ಖಾತ್ರಿಯಿದ್ದ ಒಂದು ಜಾಗದಲ್ಲಿ ಸುರುಳಿಯನ್ನು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ನೆಲದ ದನಿ ಪೂರಾ ಅಡಗುವವರೆಗೆ ಭಾವನವರು ಯಂತ್ರವನ್ನು ಹದಗೊಳಿಸಿದರು. ಮಲೆನಾಡಿನಲ್ಲಿ ಈ ಕೆಲಸಕ್ಕೆ ಹತ್ತು ನಿಮಿಷ ಕೊಡದಿದ್ದರೆ ದಿನವಿಡೀ ಕಲ್ಲಿನ ಹರಳುಗಳನ್ನೇ ಅಗೆಯಬೇಕಾಗುತ್ತದೆ. ಅದಾದ ಮೇಲೂ ಗಡಿಯಾರದಂತೆ ಕ್ರಮಬದ್ಧವಾಗಿ ಒಂದು ಟಿಕ್ ಸದ್ದು ಉಳಿದೇ ಇತ್ತು. ತೋಟದ ಯಜಮಾನರೇ ಅದರ ಮೂಲ ಕಂಡುಹಿಡಿದರು. ಕಾಡುಹಂದಿಗಳಿಗಾಗಿ ಹಾಕಿದ್ದ ಐಬೆಕ್ಸ್ ಬೇಲಿಯ ವಿದ್ಯುತ್ ಮಿಡಿತ ಅದು. ಅವರು ಒಳಗೆ ಹೋಗಿ ಬೇಲಿಯ ಸ್ವಿಚ್ಚು ತೆಗೆದ ಮೇಲೆ ನೆಲ ಮೌನವಾಯಿತು.

ತೋಟದ ಬರಣಗಳ, ಅಂದರೆ ಅಡಿಕೆ ಮರಗಳಿರುವ ಏರುಪಟ್ಟಿಗಳ ಮೇಲೆ, ನೀರು ಬಸಿದುಹೋಗುವ ಕಾಲುವೆಗಳಾದ ಕಪ್ಪುಗಳನ್ನು ದಾಟುತ್ತ, ಸುರುಳಿಯನ್ನು ನೆಲಕ್ಕೆ ಸಮಾನಾಂತರವಾಗಿ ಎರಡಂಗುಲ ಮೇಲೆ ಹಿಡಿದು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವುದು ಕಾಣುವಷ್ಟು ಹಗುರವಾದ ಕೆಲಸವಲ್ಲ. ಬಿದ್ದ ಸೋಗೆ, ಹಾಳೆಗಳನ್ನು ಮುಂದೆ ಒಬ್ಬರು ಸರಿಸಿಕೊಡಬೇಕು. ಬೀಸಿನ ತುದಿಯಲ್ಲಿ ಸುರುಳಿ ಮೇಲೆದ್ದರೆ ಆ ಅಂಚಿನ ನೆಲ ಪೂರಾ ತಪ್ಪಿಹೋಗುತ್ತದೆ. ಮೊದಲ ಒಂದು ತಾಸಿನಲ್ಲಿ ಸಿಕ್ಕದ್ದು ಗುಟ್ಕಾ ಪೊಟ್ಟಣಗಳ ಬೆಳ್ಳಿ ಹಾಳೆ, ಸೋಡಾ ಬಾಟಲಿಯ ಮುಚ್ಚಳ, ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆಯ ನಾಜಲ್. ನಾಜಲನ್ನು ಕಂಡು ಯಜಮಾನರಿಗೆ ನಿಜಕ್ಕೂ ಸಂತೋಷವಾಯಿತು. ಅದು ಅವರ ತಂದೆಯವರ ಕಾಲದ್ದಂತೆ. ಆಮೇಲೆ ಎತ್ತಿನ ಲಾಳದ ಒಂದು ತುಂಡು, ಗಾಡಿಚಕ್ರದ ಕಡಾಣಿ. ಹುಲಿಕಲ್ ಸುತ್ತಿನ ಈ ಭಾಗದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದುಂಟು. ಅಷ್ಟು ನೀರು ಕುಡಿಯುವ ಹುಳಿ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು ಕಾಲ ರೂಪ ಉಳಿಸಿಕೊಳ್ಳುವುದಿಲ್ಲ. ಕಡಾಣಿಯನ್ನು ಅಂಗೈಯಲ್ಲಿಟ್ಟು ನೋಡಿದೆ. ಹೊರಗೆ ಮಣ್ಣು, ತುಕ್ಕು, ಸಣ್ಣ ಹರಳು ಒಂದಾಗಿ ಹೆಪ್ಪುಗಟ್ಟಿದ ಕಂದು ಚಿಪ್ಪು; ಅದು ಬಿರಿದ ಕಡೆ ಒಳಗೆ ಬೆರಳಿನಷ್ಟು ದಪ್ಪದ ಕರಿಯ ತಿರುಳು. ಆ ತಿರುಳಿನ ಮೇಲೆ ಸುತ್ತಿಗೆಯ ಏಟಿನ ಚಪ್ಪಟೆ ಗುರುತುಗಳು ಒಂದರ ಪಕ್ಕ ಒಂದು ಇನ್ನೂ ಇದ್ದವು.

ಹನ್ನೊಂದರ ಹೊತ್ತಿಗೆ ಪೈಪಿನ ಗುರುತು ಹತ್ತಿತು. ಪೈಪು ಎಂದರೆ ಬಿಡಿ ಸದ್ದಲ್ಲ, ನಾಲ್ಕು ಹೆಜ್ಜೆ ನಡೆದರೂ ಕಡಿಯದ ಒಂದೇ ಗೊಗ್ಗರು. ಅದನ್ನು ಹಿಂಬಾಲಿಸಿ ಹೋದರೆ ಕೆರೆಯ ಏರಿಯ ಕೆಳಗಿನ ಕಪ್ಪಿನ ಅಂಚಿನಲ್ಲಿ ದನಿ ಒಮ್ಮೆಲೇ ಹಿಗ್ಗಿತು. ಮೊಳದಷ್ಟು ಆಳದಲ್ಲಿ ವಾಲ್ವು ಸಿಕ್ಕಿತು. ಮೇಲಿನ ಚಕ್ರ ಮುರಿದಿದ್ದರೂ ಸ್ಪ್ಯಾನರು ಹಾಕಿದಾಗ ತಿರುಗಿತು. ಬಂದ ಕೆಲಸ ಮುಗಿಯಿತೆಂದು ಮನೆಯವರು ಒತ್ತುಶಾವಿಗೆ, ಕಾಯಿಹಾಲು ಮಾಡಿ ಊಟಕ್ಕೆ ಹಾಕಿದರು.

ಊಟದ ನಂತರ, ಹಿಂದಿನ ರಾತ್ರಿ ಬಂಗಾರದ ಮಾತು ತೆಗೆದಿದ್ದವರೇ ನಮ್ಮನ್ನು ಸೊಪ್ಪಿನಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋದರು. "ಇದನ್ನು ನೀವು ನೋಡ್ಲೇಬೇಕು" ಎಂದಷ್ಟೇ ಹೇಳಿದರು. ಅಲ್ಲಿ ಹಲಸಿನ ಮರದ ಬುಡದಲ್ಲಿ ಒಂದು ವೀರಗಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ, ಅವನೆದುರು ಕೊಂಬು ಬಾಗಿಸಿದ ದನಗಳ ಸಾಲು. ಬಹುಶಃ ತುರುಗೊಳ್ ಕಾಳಗದಲ್ಲಿ ಮಡಿದವನು. ನಡುವೆ ಅವನನ್ನು ಒಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಸೂರ್ಯ ಚಂದ್ರರು. ಆ ಮೇಲಿನ ಪಟ್ಟಿಕೆ ಅಡ್ಡಕ್ಕೆ ಸೀಳಿತ್ತು. ಕೆಲವು ವರ್ಷಗಳ ಹಿಂದೆ ಅಮಾವಾಸ್ಯೆಯ ರಾತ್ರಿ ಯಾರೋ ನಿಧಿಗಳ್ಳರು ಬಂದು ಹಾರೆ ಹಾಕಿ ಕಲ್ಲನ್ನು ಉರುಳಿಸಿ, ಅದರಡಿಯಲ್ಲಿ ಆಳುದ್ದ ಗುಂಡಿ ತೋಡಿದ್ದರು. ನಿಂಬೆಹಣ್ಣು, ಕುಂಕುಮ ಚೆಲ್ಲಾಡಿದ್ದವಂತೆ. ಊರವರು ಕಲ್ಲನ್ನು ಎತ್ತಿ ನಿಲ್ಲಿಸಿ, ಬೀಳದಂತೆ ಸುತ್ತ ಜಂಬಿಟ್ಟಿಗೆ ಇಟ್ಟಿದ್ದಾರೆ; ಗುಂಡಿ ಈಗಲೂ ಅರ್ಧ ತೆರೆದೇ ಇದೆ.

ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುತ್ತಿದ್ದವು. ಮೇಲೆ ಕಪ್ಪು ಗೊಬ್ಬರದ ಮಣ್ಣು, ಅದರ ಕೆಳಗೆ ಇದ್ದಿಲಿನ ತೆಳ್ಳನೆಯ ಗೆರೆ, ಅದರಲ್ಲಿ ಸಿಕ್ಕಿಕೊಂಡ ಮಡಕೆಯ ಚೂರುಗಳು, ಆಮೇಲೆ ಕೆಮ್ಮಣ್ಣು. ಆ ಇದ್ದಿಲಿನ ಗೆರೆ ಒಂದು ಒಲೆಯದೋ, ಸುಟ್ಟ ಹಟ್ಟಿಯದೋ, ಕಬ್ಬಿಣ ಕರಗಿಸಿದ ಕುಲುಮೆಯದೋ, ಪದರ ಪದರವಾಗಿ ಬಿಡಿಸಿದ್ದರೆ ತಿಳಿಯುತ್ತಿತ್ತು. ಹೊರಗೆ ಎಸೆದ ಮಣ್ಣಿನ ರಾಶಿಯಲ್ಲಿ ಎಲ್ಲವೂ ಕಲಸಿಹೋಗಿ, ಯಾವ ಚೂರು ಯಾವ ಪದರದ್ದೆಂದು ಇನ್ನು ಯಾರೂ ಹೇಳಲಾರರು. ಹಟ್ಟಿಯ ದನಗಳನ್ನು ಉಳಿಸಲು ಪ್ರಾಣ ಕೊಟ್ಟವನ ನೆನಪಿಗೆ ಊರು ನಿಲ್ಲಿಸಿದ ಕಲ್ಲಿನ ಕೆಳಗೆ ಹೊನ್ನು ಹೂತಿಡುವವರು ಯಾರು? ವೀರಗಲ್ಲು, ಮಾಸ್ತಿಗಲ್ಲು, ದೇವರ ಪೀಠ, ನಂದಿಯ ಹೊಟ್ಟೆ ಎಲ್ಲವೂ ನಿಧಿಯ ಗುರುತುಗಳೆಂಬ ಸುಳ್ಳು ನಂಬಿಕೆ ನಮ್ಮ ಸೀಮೆಯಲ್ಲಿ ಎಷ್ಟು ಕಲ್ಲುಗಳನ್ನು ತಿಂದುಹಾಕಿದೆಯೆಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಭಾವನವರು ಯಂತ್ರವನ್ನು ಕೆಳಗೆ ಮನೆಯಲ್ಲಿಯೇ ಬಿಟ್ಟು ಬಂದಿದ್ದರು. ಆ ಕಲ್ಲಿನ ಬಳಿಗೆ ಅದನ್ನು ತರಲು ಅವರಿಗೆ ಮನಸ್ಸಿರಲಿಲ್ಲ.

ಇಳಿಯುವಾಗ ಯಜಮಾನರು ಬೆಟ್ಟದ ಬುಡದ ಹಳೆಯ ಗಾಡಿದಾರಿಯನ್ನು ತೋರಿಸಿದರು. ನಗರದ ಕಡೆಯಿಂದ ಬಂದು ತೋಟದ ಮೇಲಂಚನ್ನು ಹಾದು ಹೋಗುವ ಆ ದಾರಿಯನ್ನು ಈಗ ದನಗಳು ಮಾತ್ರ ಬಳಸುತ್ತವೆ. ಅಲ್ಲಿಗೂ ಹೊಸ ಪೈಪು ಎಳೆಯುವ ಯೋಚನೆ ಅವರಿಗಿದ್ದುದರಿಂದ, ಹಳೆಯ ಪೈಪೇನಾದರೂ ಇದೆಯೇ ಎಂದು ನೋಡಲು ಭಾವನವರು ಯಂತ್ರ ತಂದರು. ಬೇಲಿಯಿಂದ ಸ್ವಲ್ಪ ದೂರದಲ್ಲಿ ನಡುವಣ ದನಿಯೊಂದು ಕೇಳಿಸಿತು. ಗುಟ್ಕಾ ಹಾಳೆಯದೂ ಇದೇ ದನಿ. ಆದರೆ ಇದು ಅಡ್ಡದಿಂದ ಬೀಸಿದರೂ ಉದ್ದದಿಂದ ಬೀಸಿದರೂ ಒಂದೇ ಸಮನೆ, ದುಂಡಗೆ ಕೇಳುತ್ತಿತ್ತು. ಕರಣೆಯಿಂದ ಹುಲ್ಲಿನ ಹೆಂಟೆಯನ್ನು ಮೂರು ಕಡೆ ಕೊಯ್ದು ಮುಚ್ಚಳದಂತೆ ಮಗುಚಿ, ಕೆಳಗಿನ ಮಣ್ಣನ್ನು ಹಿಡಿಹಿಡಿಯಾಗಿ ತೆಗೆದೆವು. ಗೇಣಿಗಿಂತ ಕಡಿಮೆ ಆಳದಲ್ಲಿ ಒಂದು ಬಿಳಿಯ ಗುಂಡು ಕಂಡಿತು.

ಮೊದಲು ಸುಣ್ಣದ ಹರಳೆಂದುಕೊಂಡೆ. ಎತ್ತಿಕೊಂಡಾಗ ಅದರ ತೂಕ ಕೈಗೆ ತಿಳಿಯಿತು. ಅದು ಸೀಸದ ಗುಂಡು. ಮೈಮೇಲೆ ಸೀಸ ಗಾಳಿ ನೀರಿಗೆ ಕೂಡಿ ಕಟ್ಟಿಕೊಳ್ಳುವ ಬೂದಿ ಬಿಳುಪಿನ ಹೊದಿಕೆ. ಒಂದು ಪಕ್ಕ ಚಪ್ಪಟೆಯಾಗಿ ಅಂಚು ಹೊರಚಾಚಿದೆ. ಚಪ್ಪಟೆಯಾಗದ ಪಕ್ಕದಲ್ಲಿ ಎರಕದ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕೂದಲೆಳೆಯಷ್ಟು ತೆಳ್ಳಗೆ ಉಳಿದಿದೆ. ಭಾವನವರು ವರ್ನಿಯರ್ ಹಿಡಿದು ನೋಡಿದಾಗ ಆ ಪಕ್ಕದ ಅಡ್ಡಳತೆ 17 ಮಿಲಿಮೀಟರಿನ ಸುಮಾರಿಗಿತ್ತು. ಆ ಕಾಲದ ಇಂಗ್ಲಿಷ್ ಕಾಲಾಳುಗಳ ಬಂದೂಕಿನ ಗುಂಡು 17.5 ಮಿಲಿಮೀಟರಿನ ಆಸುಪಾಸು. 1783ರ ಆರಂಭದಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಾಟಿ ಹತ್ತಿ ಬಂದು ಬಿದನೂರನ್ನು ಹಿಡಿದದ್ದು, ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದದ್ದು ನನ್ನ ಮನಸ್ಸಿಗೆ ಒಮ್ಮೆಲೇ ಬಂತು. ಯಜಮಾನರು ತಕ್ಷಣ ಇನ್ನೊಂದು ಸಾಧ್ಯತೆಯನ್ನು ಮುಂದಿಟ್ಟರು: "ನಮ್ಮ ಅಜ್ಜನ ಹತ್ರ ಮದ್ದು ಜಡಿಯೋ ಕೋವಿ ಇತ್ತು. ಹಂದಿ ಹೊಡೀಲಿಕ್ಕೆ ಮನೇಲೇ ಸೀಸ ಕರಗಿಸಿ ಗುಂಡು ಎರಕ ಹೊಯ್ತಿದ್ರು." ಮಲೆನಾಡಿನ ಮನೆಮನೆಯಲ್ಲೂ ಕೋವಿಯಿದ್ದ ಕಾಲವೊಂದಿತ್ತು, ಆ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದೇ ಗುಂಡಿನಿಂದ ಇದು ತೀರ್ಮಾನವಾಗದು. ಆ ದಾರಿಯುದ್ದಕ್ಕೂ ಇಂಥವು ಹೇಗೆ ಹರಡಿವೆ, ಅಳತೆ ಏನು, ಯಾವ ದಿಕ್ಕಿನಿಂದ ಬಂದು ಬಿದ್ದಿವೆ ಎಂದು ಬಲ್ಲವರು ಕ್ರಮವಾಗಿ ನೋಡಬೇಕು.

ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆವು. ಗುಂಡಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿ, ಆಳವನ್ನು ಬರೆದುಕೊಂಡು, ಹೆಂಟೆಯನ್ನು ಮತ್ತೆ ಕೂರಿಸಿದೆವು. ಮನೆಗೆ ತಂದಾಗ ಅಜ್ಜಿಯವರು ಅದನ್ನು ನೋಡಿ, "ಹುಣಸೆಹುಳಿ ಹಾಕಿ ತಿಕ್ಕಿರಾ, ಹೊಳೀತದೆ" ಎಂದರು. ದೇವರ ಸಾಮಾನನ್ನು ಬೆಳಗುವ ಕೈಗೆ ಅದು ಸಹಜವಾದ ಮಾತು. ಆದರೆ ಆ ಬಿಳಿಯ ಹೊದಿಕೆಯೇ ಒಳಗಿನ ಸೀಸವನ್ನು ಕಾಯುವುದು, ಹುಳಿ ತಗುಲಿದರೆ ಮೇಲಿನ ಗುರುತುಗಳೆಲ್ಲ ಅಳಿದುಹೋಗುತ್ತವೆ ಎಂದು ಹೇಳಿದಾಗ ಅವರೇ ಒಂದು ಸಣ್ಣ ಡಬ್ಬಿಗೆ ಹತ್ತಿ ಹಾಕಿ ಕೊಟ್ಟರು. ಸೀಸ ವಿಷವಾದ್ದರಿಂದ ಮುಟ್ಟಿದವರೆಲ್ಲ ಸಾಬೂನು ಹಚ್ಚಿ ಕೈ ತೊಳೆದುಕೊಂಡೆವು.

ನಾಲ್ಕರ ಹೊತ್ತಿಗೆ ಅಕಾಲದ ಮಳೆ ಸುರಿಯಿತು. ಅಂಗಳದಲ್ಲಿ ಹರವಿದ್ದ ಅಡಿಕೆಗೆ ಟಾರ್ಪಾಲು ಎಳೆಯಲು ಮನೆಯವರೆಲ್ಲ ಓಡಿದರು, ನಾವೂ ಕೈಹಾಕಿದೆವು. ಕೆಳಗೆ ನಿಲ್ಲಿಸಿದ್ದ ಕಾರನ್ನು ಮೇಲೆ ತರುವಾಗ ಹಿಂದಿನ ಚಕ್ರ ಕಪ್ಪಿನ ಅಂಚು ಕುಸಿದು ಇಳಿದುಹೋಯಿತು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮತ್ತು ಪಕ್ಕದ ತೋಟದವರು ಅಡಿಕೆ ದಬ್ಬೆಗಳನ್ನು ಚಕ್ರದಡಿ ಕೊಟ್ಟು, ಮಳೆಯಲ್ಲಿ ನೆನೆಯುತ್ತಲೇ ಎತ್ತಿ ದಾಟಿಸಿದರು. ಕಾಲು ಒರೆಸುವಾಗ ಪಾದದ ಮೇಲೆ ರಕ್ತ ಹೀರುವ ಎರಡು ಉಂಬಳಗಳು (ಜಿಗಣೆಗಳು) ಕಂಡವು. ಮಳೆಗಾಲ ಮುಗಿಯಿತೆಂದು ಸುಣ್ಣ, ಹೊಗೆಸೊಪ್ಪು ಮನೆಯಲ್ಲಿ ಬಿಟ್ಟು ಬರಬಾರದು.

ಕೊನೆಯ ದಿನ: ನಗರದ ಕೋಟೆ, ಕವಲೇದುರ್ಗ

ಬೆಳಗ್ಗೆ ಯಜಮಾನರ ಜೊತೆ ನಾಡಕಚೇರಿಗೆ ಹೋಗಿ, ಗುಂಡು ಸಿಕ್ಕ ವಿವರವನ್ನು ಸರ್ವೆ ನಂಬರಿನ ಸಮೇತ ಬರೆದ ಅರ್ಜಿಯನ್ನೂ ಡಬ್ಬಿಯನ್ನೂ ಕೊಟ್ಟೆವು. ಅಲ್ಲಿದ್ದ ಅಧಿಕಾರಿಗಳು ತಾಳ್ಮೆಯಿಂದ ಕೇಳಿಕೊಂಡು ಸ್ವೀಕೃತಿ ಬರೆದುಕೊಟ್ಟರು. ಅರ್ಜಿಯ ಪ್ರತಿಯೊಂದನ್ನು ಪುರಾತತ್ತ್ವ ಇಲಾಖೆಗೆ ನಾವೇ ಅಂಚೆಯಲ್ಲಿ ಕಳಿಸಿದೆವು. ಇಷ್ಟಕ್ಕೆ ಒಂದು ತಾಸು ಸಾಕಾಯಿತು. ವಸ್ತು ಕೊಟ್ಟರೆ ತೋಟವನ್ನೇ ಕಿತ್ತುಕೊಳ್ಳುತ್ತಾರೆಂಬ ಭಯ ಊರುಗಳಲ್ಲಿ ಬಹಳವಿದೆ. ಯಜಮಾನರಿಗೂ ಒಳಗೊಳಗೇ ಅಳುಕಿತ್ತೆಂದು ಸ್ವೀಕೃತಿ ಕೈಗೆ ಬಂದ ಮೇಲೆ ಅವರೇ ಹೇಳಿದರು.

ಕೋಟೆಗೆ ಬರಿಗೈಯಲ್ಲಿ ಹೋದೆವು. 1639ರ ಸುಮಾರಿಗೆ ಕೆಳದಿ ಅರಸರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಬಂತು. ಶಿವಪ್ಪನಾಯಕನ ಕಾಲಕ್ಕೆ ಅದು ಉಚ್ಛ್ರಾಯಕ್ಕೇರಿತು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರವೆಂದು ಹೆಸರಿಟ್ಟ. ಇಲ್ಲಿ ಟಂಕಸಾಲೆಯೂ ಇತ್ತು. ಕೆಳದಿಯವರ ವರಹದ ಒಂದು ಮುಖದಲ್ಲಿ ಶಿವ ಪಾರ್ವತಿಯರು ಕುಳಿತಿದ್ದಾರೆ. ಹೈದರ್ ತನ್ನ ವರಹದಲ್ಲಿ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಪಾರಸಿ ಲಿಪಿಯಲ್ಲಿ ಹಾಕಿಸಿದ. ಊರ ಪೇಟೆ ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ಅವನ ವಿವೇಕಕ್ಕೆ ಆ ಪುಟ್ಟ ಚಿನ್ನದ ಬಿಲ್ಲೆ ಸಾಕ್ಷಿ. ಹಿಂದಿನ ದಿನದ ಮಳೆಗೆ ಕೋಟೆಯ ಮೆಟ್ಟಿಲ ಪಾಚಿ ಜಾರುತ್ತಿತ್ತು. ದರ್ಬಾರಿನ ಜಗಲಿಯ ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಕಾಡುಗುಡ್ಡಗಳು; ಗೋಡೆಯ ಜಂಬಿಟ್ಟಿಗೆಯನ್ನು ಬೇರುಗಳು ಸೀಳುತ್ತಿರುವುದು ಅಲ್ಲಲ್ಲಿ ಕಂಡಿತು.

ನಗರದಿಂದ ತೀರ್ಥಹಳ್ಳಿಯ ದಿಕ್ಕಿಗೆ ಸಾಗಿ ಮಧ್ಯಾಹ್ನಕ್ಕೆ ಕವಲೇದುರ್ಗದ ಬುಡ ಸೇರಿದೆವು. ಗದ್ದೆಯಂಚಿನಿಂದ ಕಲ್ಲುಹಾಸಿನ ದಾರಿ ಹತ್ತಿ, ಒಂದರೊಳಗೊಂದು ಇರುವ ಕೋಟೆಬಾಗಿಲುಗಳನ್ನು ದಾಟುತ್ತ ಹೋಗಬೇಕು. ಮೇಲೆ ಅಂಗಡಿಯಿಲ್ಲ, ಕುಡಿಯುವ ನೀರು, ಒಳ್ಳೆಯ ಹಿಡಿತದ ಪಾದರಕ್ಷೆ ಎರಡೂ ಬೇಕು. ನನಗೆ ಇಲ್ಲಿ ನೋಡಬೇಕಾಗಿದ್ದದ್ದು ಇಲಾಖೆಯವರು ಉತ್ಖನನ ಮಾಡಿ ತೆರೆದ ಅರಮನೆಯ ತಳಪಾಯ. ಕಂಬಗಳ ಪೀಠಗಳು, ಬಚ್ಚಲು, ನೀರು ಹರಿದುಹೋಗುವ ಕಲ್ಲಿನ ಮೋರಿ, ಅಡುಗೆಮನೆಯಲ್ಲಿ ಹಲವು ಬಾಯಿಯ ಒಲೆ. ಅಲ್ಲಿಗೆ ಬಂದಿದ್ದ ದನ ಕಾಯುವವರೊಬ್ಬರು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪಾತ್ರೆ ಎಲ್ಲಿ, ಸೌದೆ ಎಲ್ಲಿ ಎಂದು ಕೈಮಾಡಿ ತೋರಿಸಿದರು. "ನಮ್ಮನೆ ಒಲೆನೂ ಹಿಂಗೇ ಇತ್ತು, ಇಷ್ಟು ದೊಡ್ಡದಲ್ಲ" ಎಂದರು. ಮೋರಿ ಮೋರಿಯ ಜಾಗದಲ್ಲಿ, ಒಲೆ ಒಲೆಯ ಜಾಗದಲ್ಲಿ ಉಳಿದಿದ್ದರಿಂದಲೇ ಓದು ಬರೆಹ ಬಾರದ ಅವರಿಗೂ ಆ ಮನೆಯ ಒಳಗಿನ ಓಡಾಟ ಪೂರಾ ಅರ್ಥವಾಗಿತ್ತು. ಬೆಟ್ಟದ ಮೇಲಿನ ಗುಂಡಿಯ ಪಕ್ಕದ ಮಣ್ಣಿನ ರಾಶಿಯಲ್ಲಿ ಹೀಗೆ ತೋರಿಸುವಂಥದು ಏನೂ ಉಳಿದಿರಲಿಲ್ಲ.

ತೀರ್ಥಹಳ್ಳಿಯಲ್ಲಿ ತಡವಾಗಿ ಊಟ ಮಾಡಿ, ಮಂಡಗದ್ದೆ, ಸಕ್ರೆಬೈಲು ದಾಟಿ ಕತ್ತಲಾಗುವ ಹೊತ್ತಿಗೆ ಶಿವಮೊಗ್ಗ ತಲುಪಿದೆವು.

ಇದಾದ ಕೆಲವು ವಾರಗಳ ಮೇಲೆ ಯಜಮಾನರು ಫೋನು ಮಾಡಿದರು. ಇಲಾಖೆಯಿಂದ ಇಬ್ಬರು ಬಂದು ಗಾಡಿದಾರಿಯನ್ನು ನಡೆದು ನೋಡಿ, ಗುಂಡು ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡಿದ್ದಾರೆ. ಬೆಟ್ಟದ ಮೇಲಿನ ವೀರಗಲ್ಲಿನ ಫೋಟೋ, ಅಳತೆಗಳನ್ನೂ ತೆಗೆದುಕೊಂಡು ಹೋಗಿದ್ದಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಮತ್ತೆ ಬರುತ್ತಾರಂತೆ. ಹೊಸ ಪೈಪನ್ನು ಗಾಡಿದಾರಿ ಬಿಟ್ಟು ಕೆಳಗಿನ ಕಪ್ಪಿನ ಪಕ್ಕದಿಂದಲೇ ಎಳೆಯುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅದಕ್ಕೆ ಎಷ್ಟು ಉದ್ದದ ಪೈಪು ಬೇಕಾದೀತೆಂದು ಭಾವನವರನ್ನು ಕೇಳಿ ತಿಳಿಸಲು ನನಗೆ ಹೇಳಿದರು.